ಹೊಳೆಯಾಚೆಯ ಗಂಟೆ

ಹೊಳೆಯ ಈ ದಡದಲ್ಲಿ ಎಲುಬು ಕಟ್ಟುವವರ ಮಠ. ಆ ದಡದಲ್ಲಿ ಒಂದು ಹುಣಸೆಮರ, ಮರದ ಮರೆಯಲ್ಲಿ ಒಂದು ಗಂಟೆ.

ಕೈಯೋ ಕಾಲೋ ಮುರಿದವರು ಬಂದು ಗಂಟೆ ಬಾರಿಸಬೇಕು. ಈಚೆಯಿಂದ ಹರಿಗೋಲು ಹೋಗಬೇಕು. ಬಾರಿಸಿದವರು ಯಾರು, ಏನಾಗಿದೆ ಎಂದು ದಡದ ಮೇಲೆ ನಿಂತು ವಿಚಾರಿಸುವ ಪದ್ಧತಿ ಅಲ್ಲಿರಲಿಲ್ಲ. ನೋವಿನಲ್ಲಿರುವವರನ್ನು ಕಾಯಿಸಬಾರದೆಂದು ಹಿಂದಿನವರು ಹಾಕಿಟ್ಟ ಕಟ್ಟಳೆ.

ಮಠದ ಹಿರಿಯರು ಗುರುಪಾದಯ್ಯ. ಸುತ್ತಿನ ಊರಿಗೆಲ್ಲ ಅಜ್ಜ. ಹುಟ್ಟು ಹಾಕಿ ಹಾಕಿ ಅವರ ಭುಜ ಸೋತಿತ್ತು. ಆ ವರ್ಷ ಜ್ವರ ಬಂದು ಹಾಸಿಗೆ ಹಿಡಿದ ಮೇಲೆ ಹರಿಗೋಲನ್ನೂ ರೋಗಿಗಳನ್ನೂ ಶಿಷ್ಯ ಸೋಮಲಿಂಗನೇ ನೋಡಿಕೊಳ್ಳುತ್ತಿದ್ದ.

ಸೋಮಲಿಂಗನಿಗೆ ಅಜ್ಜ ಮೊಟ್ಟಮೊದಲು ಕಲಿಸಿದ್ದು ಅಂಗೈ ಇಡುವುದನ್ನು. ಕಟ್ಟು ಬಿಚ್ಚಿದಾಗಲೆಲ್ಲ ಕಣ್ಣು ಮುಚ್ಚಿ ನೋವಿನ ಜಾಗದ ಮೇಲೆ ಅಂಗೈ ಇಡಬೇಕು. ತಣ್ಣಗಿದ್ದರೆ ಎಲುಬು ಇನ್ನೂ ಮಲಗಿದೆ. ಬೆಚ್ಚಗಿದ್ದರೆ ಕೂಡುತ್ತಿದೆ. ‘ಬಿಸಿ ಬಂತು, ಎಲುಬು ಬಂತು’ ಎನ್ನುವುದು ಆ ಮಠದ ಮಾತು.

ಕುಂಬಾರ ಯಂಕಪ್ಪ ಮಗಳು ಸಾವಂತ್ರಿಯನ್ನು ಹೆಗಲ ಮೇಲೆ ಹೊತ್ತು ಬಂದಾಗ ಸೋಮಲಿಂಗ ಮಾಡಿದ್ದೂ ಅದನ್ನೇ. ಹುಡುಗಿ ಮಣ್ಣಿನ ಪುಟ್ಟಿ ಹೊತ್ತು ಎಡವಿದ್ದಳು. ಮೊಣಕಾಲಿನ ಮೇಲ್ಗಡೆ ನೋವು, ಸಣ್ಣ ಬಾವು. ಅಂಗೈ ಇಟ್ಟ. ಬೆಚ್ಚಗಿತ್ತು. ಬಿದಿರ ದಬ್ಬೆ ಇಟ್ಟು ಕಟ್ಟಿದ.

ಮತ್ತೆ ಬಂದಾಗ ಮೊದಲಿಗಿಂತ ಬೆಚ್ಚಗಿತ್ತು. ಎಣ್ಣೆ ಕಾಯಿಸಿ ನೀವಿ ಕಳಿಸಿದ.

"ಛಲೋ ಆತಲ್ರೀ" ಎಂದಿದ್ದ ಯಂಕಪ್ಪ. "ನಮ್ಮ ಗಡಿಗಿನೂ ಹಂಗ. ಬಿಸಿ ಕುಂತಷ್ಟು ಗಟ್ಟಿ."

ಮೂರನೆಯ ಸಲ ಕಟ್ಟು ಬಿಚ್ಚಿದಾಗ ಬಾವು ತೆಂಗಿನಕಾಯಿಯಷ್ಟಾಗಿತ್ತು. ಅದರ ಮೇಲಿನ ಚರ್ಮ ಬಿಗಿದು ಮಿರುಗುತ್ತಿತ್ತು. ನೀಲಿ ನರಗಳು ಬಳ್ಳಿಯ ಹಾಗೆ ಅಡ್ಡಾದಿಡ್ಡಿ ಹಬ್ಬಿದ್ದವು. ಅಂಗೈ ಇಟ್ಟರೆ ಒಳಗೆ ನಾಡಿ ಬಡಿಯುತ್ತಿತ್ತು. ಅಷ್ಟು ಬಿಸಿಯನ್ನು ಸೋಮಲಿಂಗ ಯಾವ ಎಲುಬಿನ ಮೇಲೂ ಕಂಡಿರಲಿಲ್ಲ. ತನ್ನ ಕೈಗುಣವನ್ನು ತೋರಿಸಬೇಕೆನಿಸಿ ಒಳಗಿನಿಂದ ಅಜ್ಜನನ್ನು ಕರೆತಂದ.

ಅಜ್ಜ ಗೋಡೆ ಹಿಡಿದುಕೊಂಡು ಬಂದರು. ಕಾಲು ನೋಡಿದರು. ಅಂಗೈ ಇಡಲಿಲ್ಲ. ಹುಡುಗಿಯ ಮುಖ ನೋಡಿದರು. ಕೆನ್ನೆ ಒಳಸೇರಿ ಕಣ್ಣುಗಳಷ್ಟೇ ಉಳಿದಿದ್ದವು.

"ತಂಗೀ, ಯಾವಾಗ ಹೆಚ್ಚು ನೋಯತೈತಿ? ನಡದಾಗೋ, ಮಲಗಿದಾಗೋ?"

"ಮಲಗಿದಾಗ್ರಿ. ನಡದ್ರ ಅಷ್ಟಿಲ್ಲ. ಸುಮ್ಮನ ಮಲಗಿದ್ರ ಅದು ಎದ್ದು ಕುಂದರತೈತಿ."

ಅಜ್ಜ ಅವಳ ತಲೆ ಸವರಿದರು. ಮತ್ತೆ ಕಟ್ಟು ಹಾಕಗೊಡಲಿಲ್ಲ.

"ಯಂಕಪ್ಪ, ನಾಳೆ ಮುಂಜಾನೆ ಇವರವ್ವನ್ನೂ ಕರಕೊಂಡು ಬಾ. ನಾಕು ಅರಿವಿ ಕಟಗೊಂಡು ಬರ್ರಿ. ಪಟ್ಟಣದ ದವಾಖಾನಿಗೆ ಹೋಗೂದಾಕ್ಕೈತಿ."

"ಯಾಕ್ರೀ ಅಜ್ಜಾರ? ಎಲುಬು ಕೂಡಾಕತ್ತೈತಿ ಅಂದಾರಲ್ರಿ ನಿಮ್ಮ ಶಿಷ್ಯರು."

"ನಾಳೆ ಅವನ ಹೇಳ್ತಾನ" ಎಂದರು ಅಜ್ಜ.

ಸೋಮಲಿಂಗ ಅವರನ್ನು ಆಚೆ ದಡಕ್ಕೆ ಬಿಟ್ಟು ಬಂದ. ದಾರಿಯುದ್ದಕ್ಕೂ ಯಂಕಪ್ಪ ಅವನ ಮುಖವನ್ನೇ ನೋಡುತ್ತಿದ್ದ. ಸೋಮಲಿಂಗ ನೀರು ನೋಡುತ್ತಿದ್ದ.

ಬಂದವನು ಅಜ್ಜನ ಮುಂದೆ ಕುಳಿತ.

"ನಾ ಏನು ತಪ್ಪಿದೆ? ಬಿಸಿ ಇತ್ತು. ನೀವ ಕಲಿಸಿದ್ದು."

ಅಜ್ಜ ಗೋಡೆ ಹಿಡಿದು ಎದ್ದರು.

"ನನ್ನ ಆಚೆ ದಡಕ್ಕ ಬಿಡು" ಎಂದರು.

"ಈಗ? ಮೈಯಾಗ ಜ್ವರ ಐತಿ ನಿಮಗ."

"ಬಿಡು."

ಸೋಮಲಿಂಗ ಬಿಟ್ಟ. ಅಜ್ಜ ಹುಣಸೆಮರದ ಬೇರಿನ ಮೇಲೆ ಕುಳಿತು, "ಇನ್ನ ನೀ ಹೋಗು" ಎಂದರು.

ಅವನು ಈ ದಡ ಮುಟ್ಟಿ ಹರಿಗೋಲು ಕಟ್ಟುವಷ್ಟರಲ್ಲಿ ಗಂಟೆ ಬಾರಿಸಿತು. ಬಿಚ್ಚಿಕೊಂಡು ಹೋದ. ಮರದ ಕೆಳಗೆ ಅಜ್ಜ ಒಬ್ಬರೇ ಇದ್ದರು.

"ಯಾಕ ಬಂದಿ?"

"ಗಂಟಿ ಬಾರಿಸಿದ್ರಿ."

"ಹೋಗು."

ಅವನು ಈಚೆಗೆ ಬಂದ. ಮತ್ತೆ ಗಂಟೆ. ಮತ್ತೆ ಹೋದ. ಮತ್ತೆ "ಹೋಗು".

ಬೆಳಗಿನಿಂದ ಹುಟ್ಟು ಹಾಕಿದ್ದ ತೋಳುಗಳು ಈಗ ನಡುಗುತ್ತಿದ್ದವು. ಇನ್ನೊಮ್ಮೆ ಗಂಟೆ ಕೇಳಿಸಿದಾಗ ಅವನು ಹೋದದ್ದು ಬಯ್ಯುವುದಕ್ಕೇ.

"ಅಜ್ಜಾರ, ದಾಟೂದಿದ್ರ ದಾಟ್ರಿ. ಇಲ್ಲಾಂದ್ರ ಗಂಟಿ ತಂಟಿಗೆ ಹೋಗಬ್ಯಾಡ್ರಿ. ಜ್ವರ ತಲಿಗೇರೈತಿ ನಿಮಗ."

ಅಜ್ಜ ನಕ್ಕರು. ನಗು ಕೆಮ್ಮಾಯಿತು.

"ಬಾರಸೂದು ನಾನ ಅಂತ ಗೊತ್ತಿತ್ತಲ್ಲ. ಮತ್ಯಾಕ ಬಂದಿ?"

"ಖಾತ್ರಿ ಹೆಂಗ್ರಿ? ಈ ಕಡೆಯಿಂದ ಮತ್ತ್ಯಾರರ ಬಂದಿದ್ರ? ಅಲ್ಲಿಂದ ಮರ ಅಷ್ಟ ಕಾಣತೈತಿ. ಗಂಟಿ ಬಾರಿಸಿದ್ರ ಬರಬೇಕು."

"ಕಳ್ಳ ಬಾರಿಸಿದ್ರ?"

"ಬರಬೇಕು."

"ಮೈನೂ ಹಂಗ" ಎಂದರು ಅಜ್ಜ.

ಸೋಮಲಿಂಗ ಹುಟ್ಟನ್ನು ಕೆಳಗಿಟ್ಟ.

"ಎಲುಬು ಮುರೀತು ಅಂದ್ರ ಅಲ್ಲಿ ರಕ್ತ ಸಾಲಂಗಿಲ್ಲ, ಉಸಿರು ಕಟ್ಟತೈತಿ. ಅದು ಗಂಟಿ ಬಾರಸತೈತಿ. ಮೈ ಹೊಸ ನರ ಹರಿಸಿ ರಕ್ತ ಕಳಸತೈತಿ. ಅದ ನಿನ್ನ ಅಂಗೈಗೆ ಹತ್ತೂ ಬಿಸಿ."

"ಹೂಂ."

"ಎಲುಬಿನಾಗ, ಮಾಂಸದಾಗ ಒಮ್ಮೊಮ್ಮೆ ಬೇಡಾದ ಗಡ್ಡಿ ಹುಟ್ಟತೈತಿ. ಸಣ್ಣದಿದ್ದಾಗ ಇದ್ದ ರಕ್ತದಾಗ ಹೊಟ್ಟಿ ಹೊರೀತೈತಿ. ದೊಡ್ಡದಾತು ಅಂದ್ರ ನಡುವಿನ ಭಾಗಕ್ಕ ಉಸಿರು ಮುಟ್ಟಂಗಿಲ್ಲ. ಆಗ ಅದೂ ಗಂಟಿ ಬಾರಸತೈತಿ."

"ಬ್ಯಾರೆ ಗಂಟಿ?"

"ಇದ ಗಂಟಿ. ಬ್ಯಾರೆ ಇದ್ದಿದ್ರ ಮೈಗೆ ತಿಳೀತಿತ್ತು. ಮೈ ನಿನ್ನಂಗ. ಕೇಳತು, ಹೊಂಟತು. ಹೊಸ ನರ ಹೋದ್ವು, ರಕ್ತ ಹೋತು. ಗಡ್ಡಿ ಉಂಡು ಬೆಳೀತು. ಬೆಳೆದಷ್ಟು ಮತ್ತ ಹಸೀತು. ಮತ್ತ ಗಂಟಿ. ಅವಸರದಾಗ ಹಬ್ಬಿದ ಆ ನರ ನೆಟ್ಟಗಿರಂಗಿಲ್ಲ, ಸೋರತಾವು. ಅದ ದಾರಿ ಹಿಡದು ಗಡ್ಡಿ ಪುಪ್ಪಸಕ್ಕ ಹೋಗೂದೂ ಐತಿ. ಪಟ್ಟಣದ ಡಾಕ್ಟರೊಬ್ರು ನನಗಿದನ್ನ ಬಿಡಿಸಿ ಹೇಳಿದ್ರು. ಗಂಟಿಗೆ ಅರಿವಿ ಸುತ್ತಿ ಸಪ್ಪಳ ಅಡಗಿಸೂ ಔಷಧಾನೂ ಅದಾವಂತ. ಎಲ್ಲಾರಿಗೂ ನಾಟಂಗಿಲ್ಲಂತ."

ಹೊಳೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಸೋಮಲಿಂಗ ತನ್ನ ಬಲ ಅಂಗೈ ನೋಡಿಕೊಂಡ.

"ಎರಡೂ ಬಿಸಿ ಒಂದ ಆದ್ರ ಕೈಗೆ ಹೆಂಗ ತಿಳೀಬೇಕು?"

"ಕೈಗೆ ತಿಳಿಯಂಗಿಲ್ಲ. ಕೂಡಿದ ಎಲುಬು ಗಂಟಿ ಬಿಡತೈತಿ. ಬಿಸಿ ತಾನ ಇಳೀತೈತಿ. ಇದು ಇಳೀಲಿಲ್ಲ, ಏರತು. ಮಲಗಿದಾಗ ನೋಯತೈತಿ ಅಂದ್ಲು ಹುಡುಗಿ. ನೀ ಕೇಳಿದ್ದಿ?"

"ಇಲ್ಲ."

"ಮೈ ಇಳಿದದ್ದು ನೋಡಿದ್ದಿ?"

"ಕಾಲು ನೋಡಿದ್ನಿ."

ಅವನು ಅಂಗೈ ಮಡಚಿಕೊಂಡ.

"ನಾ ಎಣ್ಣಿ ಕಾಯಿಸಿ ನೀವಿದ್ನಿರಿ" ಎಂದ ಸೋಮಲಿಂಗ. ಧ್ವನಿ ಕೆಳಗಿಳಿದಿತ್ತು. "ಅದರಿಂದ ಹೆಚ್ಚಾತೇನ್ರಿ?"

"ಆಗಿರಬೇಕು."

ಇಲ್ಲ ಎನ್ನುತ್ತಾರೆಂದು ಅವನು ಕಾದಿದ್ದ.

"ಕಾಲು ಉಳೀತೈತಿ?"

"ಹೇಳಾಕ ಬರಂಗಿಲ್ಲ. ಹುಡುಗಿ ಉಳದ್ರ ಸಾಕು. ಅದಕ್ಕ ನಾಳೆ ಹೋಗಬೇಕು, ನಾಡಿದ್ದ ಅಲ್ಲ."

"ಅವರಪ್ಪಗ ನೀವ ಹೇಳ್ರಿ, ಅಜ್ಜಾರ. ನಿಮ್ಮ ಮಾತು ಅವ ತಗೋತಾನ. ನಾ ಹೆಂಗ ಹೇಳಲಿ? ಕೂಡತೈತಿ ಅಂದ ಬಾಯಿಲೆ?"

ಅಜ್ಜ ಎದ್ದು ನಿಲ್ಲಲು ಅವನ ಹೆಗಲು ಹಿಡಿದರು. ಆ ಭಾರ ಒಣಗಿದ ಕಟ್ಟಿಗೆಯಷ್ಟೇ ಇತ್ತು.

"ಬ್ಯಾರೆ ಬಾಯಿ ಎಲ್ಲಿಂದ ತರ್ತೀ?" ಎಂದರು. "ನಡಿ. ದಣಿದೇನಿ."

ಆ ರಾತ್ರಿ ಸೋಮಲಿಂಗ ಹೇಳಬೇಕಾದ ಮಾತನ್ನು ಜೋಡಿಸುತ್ತ ಕುಳಿತ. ಎಲುಬು ಕಟ್ಟುವಾಗ ದಬ್ಬೆ ಎಲ್ಲಿಡಬೇಕೆಂದು ಅವನ ಕೈಗೆ ಗೊತ್ತು. ಈ ಮಾತನ್ನು ಎಲ್ಲಿ ಹಿಡಿದರೂ ನೋಯುತ್ತಿತ್ತು.

ಬೆಳಗಾಯಿತು. ಅವನು ಹರಿಗೋಲಿನೊಳಗಿನ ನೀರು ಮೊಗೆದು ಚೆಲ್ಲಿದ. ಒಣಗಿದ ಮೇಲೂ ಒರೆಸುತ್ತ ಕುಳಿತ. ಅಜ್ಜ ಜಗಲಿಯ ಮೇಲೆ ಕಂಬಳಿ ಹೊದ್ದು ಕಣ್ಣು ಮುಚ್ಚಿದ್ದರು.

ಗಂಟೆ ಬಾರಿಸಿತು.

ಸೋಮಲಿಂಗ ಹುಟ್ಟು ತೆಗೆದುಕೊಂಡ. ನೀರಿನವರೆಗೆ ಹೋದವನು ನಿಂತ. ಹುಣಸೆಮರ ಮಾತ್ರ ಕಾಣುತ್ತಿತ್ತು.

ಮತ್ತೆ ಬಾರಿಸಿತು. ಬಾರಿಸಿದ ಕೈಗೆ ಅವಸರವಿರಲಿಲ್ಲ. ನಂಬಿಕೆ ಇತ್ತು.

ಅವನು ಜಗಲಿಯ ಕಡೆ ತಿರುಗಿದ.

"ಅಜ್ಜಾರ, ಯಾರೋ ಬಾರಸಾಕತ್ತಾರ."

ಅಜ್ಜ ಕಣ್ಣು ತೆರೆಯಲಿಲ್ಲ.

"ಯಾರೋ ಅಲ್ಲಪ್ಪ" ಎಂದರು.