ಕುಂತೆತ್ತಿನ ಬಾಗಿಲು

ಕರಡಿಕೊಳ್ಳದ ಹಳೆಯ ಕೋಟೆಯಲ್ಲಿ ಈಗ ನೆಟ್ಟಗೆ ನಿಂತಿರುವುದು ಒಂದು ಬಾಗಿಲು ಮಾತ್ರ. ಅರಮನೆ ಇದ್ದ ಕಡೆ ಸೀತಾಫಲದ ಪೊದೆಗಳಿವೆ, ಆನೆ ಕಟ್ಟುತ್ತಿದ್ದ ಸಾಲಿನಲ್ಲಿ ಮೇಕೆಗಳು ಮಲಗುತ್ತವೆ, ಗೋಡೆಯ ಕಲ್ಲುಗಳಲ್ಲಿ ಅರ್ಧದಷ್ಟು ಸುತ್ತಲ ಹೊಲಗಳ ಬದುವಾಗಿವೆ. ಬಾಗಿಲೆಂದರೆ ಕದವಿಲ್ಲದ ಬಾಗಿಲು. ಎರಡು ಎತ್ತರದ ಕಂಬ, ಮೇಲೊಂದು ಕಲ್ಲಿನ ತೊಲೆ, ಒಳಗೆ ಬಿಸಿಲು ಮುಟ್ಟದ ಉದ್ದನೆಯ ಓಣಿ. ಭಾನುವಾರ ಈ ಓಣಿಯಲ್ಲಿ ಲಂಬಾಣಿ ಹೆಂಗಸರು ಸಂತೆ ಹಚ್ಚುತ್ತಾರೆ. ಕನ್ನಡಿ ಹೊಲಿದ ಕುಪ್ಪಸ, ಕವಡೆ ಪೋಣಿಸಿದ ಚೀಲ, ತಗಡಿನ ಗೆಜ್ಜೆ, ಜೊತೆಗೆ ಹುಣಸೆಹಣ್ಣು, ಹಸಿಕಡಲೆ. ಕಾರಿನಲ್ಲಿ ಬಂದವರು ಮೊದಲು ಫಲಕ ಓದುತ್ತಾರೆ. ಪಾಳೇಗಾರನ ಪಟ್ಟದ ಎತ್ತು ಇಲ್ಲಿ ಕುಳಿತು ಊರನ್ನು ಹರಸಿತು, ಅದಕ್ಕೇ ಇದು ಕುಂತೆತ್ತಿನ ಬಾಗಿಲು ಎಂದು ಅದರಲ್ಲಿದೆ. ಅದು ಸುಳ್ಳು. ಪಾಳೇಗಾರರ ಎತ್ತು ಕೂತ ಕಡೆಗೆಲ್ಲ ಹೆಸರು ಬರುವುದಾದರೆ ಈ ನಾಡಿನಲ್ಲಿ ಬೇರೆ ಹೆಸರಿಗೆ ಜಾಗವೇ ಇರುತ್ತಿರಲಿಲ್ಲ. ಇಲ್ಲಿ ಕುಂತದ್ದು ಉಪ್ಪು ಹೊತ್ತ ಎತ್ತು. ಅದನ್ನು ಕೂರಿಸಿದವಳು ಜಮ್ಲಿ ಎಂಬ ಲಂಬಾಣಿ ಹೆಂಗಸು. ಫಲಕ ಬರೆದವರು ಓಣಿಯ ನೆರಳಿನಲ್ಲಿ ಕೂತವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಹಿಂದೆ ಒಮ್ಮೆ ಈ ಬಾಗಿಲಿಗೆ ಕಬ್ಬಿಣದ ಮೊಳೆ ಹೊಡೆದ ತೇಗದ ಕದಗಳಿದ್ದವು. ಸಂತೆ ಕೋಟೆಯ ಒಳಗೆ ನಡೆಯುತ್ತಿತ್ತು. ಬಾಗಿಲಲ್ಲಿ ಸುಂಕದ ತಿಮ್ಮರಸ ಕೂರುತ್ತಿದ್ದ. ಬಾಗಿಲೊಳಗೆ ನೆಲ ಮುಟ್ಟಿದ ಸರಕು ಪೇಟೆಯ ಸರಕು, ಅದಕ್ಕೆ ಸುಂಕ ಕೊಡಬೇಕು, ಅಲ್ಲೇ ಮಾರಬೇಕು, ಹಿಂದಕ್ಕೆ ಒಯ್ಯುವಂತಿಲ್ಲ ಎಂಬ ಕಟ್ಟಳೆ ಅವನದು. ಬಡವರು ದಣಿದು ಬುಟ್ಟಿ ಇಳಿಸಿದರೂ ಸಾಕು, ಸುಂಕ ಬೀಳುತ್ತಿತ್ತು. ಪೇಟೆಯಲ್ಲಿ ಉಪ್ಪಿನ ಅಂಗಡಿ ಎರಡೇ. ಆ ಅಂಗಡಿಯವರೂ ತಿಮ್ಮರಸನೂ ಒಂದೇ ತಟ್ಟೆಯಲ್ಲಿ ಉಣ್ಣುವವರು. ಕರಾವಳಿಯಿಂದ ಘಟ್ಟ ಹತ್ತಿ ಲಂಬಾಣಿಗರು ತರುವ ಉಪ್ಪು ಒಳಗೆ ಬಂದರೆ ಬೆಲೆ ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ಹಾಗೆಂದು ಬರಬೇಡಿ ಎಂದು ಅವರು ಹೇಳಲಿಲ್ಲ. ಇಂಥವರು ಎಂದೂ ಹಾಗೆ ಹೇಳುವುದಿಲ್ಲ. ಲಂಬಾಣಿಗರನ್ನು ಸಾಲಿನ ಕೊನೆಗೆ ನಿಲ್ಲಿಸಿದರು, ಅಷ್ಟೆ. ಅವರ ಸರದಿ ಬರುವ ಮೊದಲೇ ನಗಾರಿ ಬಾರಿಸಿ ಕದ ಮುಚ್ಚುತ್ತಿದ್ದರು.

ಜಮ್ಲಿಯ ತಾಂಡಾ ಹೀಗೆ ಎರಡು ಸಂತೆ ಕಾದಿತ್ತು. ಗಂಡ ಘಟ್ಟದ ಜ್ವರದಲ್ಲಿ ಹೋದ ಮೇಲೆ ಉಪ್ಪು ಹೊತ್ತ ಎತ್ತುಗಳ ಸಾಲಿನಲ್ಲಿ ಮುಂದಿನ ಎತ್ತನ್ನು ನಡೆಸುತ್ತಿದ್ದವಳು ಅವಳೇ. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಒಂದು ಮಳೆ ಬಿದ್ದರೆ ಗೋಣಿಯಲ್ಲಿದ್ದದ್ದು ನೀರಾಗಿ ಹರಿದು ಹೋಗುತ್ತದೆ. ಉಪ್ಪು ಕೊಟ್ಟು ಜೋಳ ತರದಿದ್ದರೆ ಮಳೆಗಾಲವಿಡೀ ತಾಂಡಾದ ಒಲೆ ಹೊತ್ತುವುದಿಲ್ಲ. ಇದನ್ನು ಬಲ್ಲ ಅಂಗಡಿಯವರು ಆಗಲೇ ಬಿಡಾರಕ್ಕೆ ಆಳು ಕಳಿಸಿ, ಉಪ್ಪನ್ನು ತಾವು ಹೇಳಿದ ಬೆಲೆಗೆ ತಮಗೇ ಸುರಿದು ಹೋಗಿ ಎಂದು ಹೇಳಿಸಿದ್ದರು. ಆ ಬೆಲೆಗೆ ಎತ್ತುಗಳ ಹುರುಳಿಯೂ ಬರುತ್ತಿರಲಿಲ್ಲ. ತಾಂಡಾದ ಹಿರಿಯ ಲಚ್ಮ್ಯಾ ನಾಯಕ ತಲೆ ತಗ್ಗಿಸಿ ಕೂತು, ಕೊಟ್ಟು ಹೋಗೋಣ, ಮಕ್ಕಳಿಗೆ ಗಂಜಿಯಾದರೂ ಆದೀತು ಎಂದ. ಜಮ್ಲಿ ಇನ್ನೊಂದು ಸಂತೆ ನೋಡೋಣ ಎಂದಳು. ಏನು ಮಾಡುತ್ತೀ ಎಂದು ಅವನು ಕೇಳಿದಾಗ ಅವಳು ತನ್ನ ಎತ್ತಿಗೆ ನೀರು ಕುಡಿಸಲು ಎದ್ದು ಹೋದಳು ಎನ್ನುತ್ತಾರೆ.

ಸಂತೆಯ ದಿನ ಮತ್ತೆ ಅದೇ ಸಾಲು, ಅದೇ ಬಿಸಿಲು. ನಿಮ್ಮ ಉಪ್ಪಿಗಿಂತ ನಿಮ್ಮ ಬೆವರೇ ಹೆಚ್ಚು ಉಪ್ಪು, ಅದನ್ನೇ ಮಾರಿ ಎಂದು ಕಾವಲಿನವರು ನಕ್ಕರು. ಜಮ್ಲಿ ಬಾಗಿಲಿಗೆ ಇನ್ನೇನು ಹತ್ತು ಹೆಜ್ಜೆ ದೂರದಲ್ಲಿದ್ದಾಗ ನಗಾರಿಗೆ ಪೆಟ್ಟು ಬಿತ್ತು, ಕದಗಳು ಕಿರುಗುಟ್ಟಿದವು. ಘಟ್ಟದ ಇಕ್ಕಟ್ಟಿನ ದಾರಿಯಲ್ಲಿ ಎದುರಿನಿಂದ ಇನ್ನೊಂದು ಸಾಲು ಬಂದರೆ, ಮುಂದಿನ ಎತ್ತನ್ನು ಹೇರಿನ ಸಮೇತ ಕೂರಿಸಿ ಎಲ್ಲರನ್ನೂ ನಿಲ್ಲಿಸುವುದು ಲಂಬಾಣಿಗರ ಪದ್ಧತಿ. ಮುಂಗಾಲಿಗೆ ಕೋಲು ತಾಗಿಸಿದರೆ ಎತ್ತು ಕೂರುತ್ತದೆ. ಏಳಬೇಕಾದರೆ ಇಬ್ಬರು ಎರಡು ಕಡೆಯಿಂದ ಹೇರನ್ನು ತುಸು ಎತ್ತಿ ಹಿಡಿಯಬೇಕು. ಜಮ್ಲಿ ತನ್ನ ಎತ್ತು ಭೂರ್ಯಾನನ್ನು ಓಡಿಸಿಕೊಂಡು ಹೋದಳು. ಮುಚ್ಚುತ್ತಿದ್ದ ಎರಡು ಕದಗಳ ನಡುವೆ ಅದರ ಕೊಂಬು ತೂರಿತು, ಹೆಗಲು ತೂರಿತು. ಬಾಗಿಲೊಳಗೆ, ಕದ ತಿರುಗುವ ಜಾಗದಲ್ಲೇ, ಅವಳು ಅದರ ಮುಂಗಾಲಿಗೆ ಕೋಲು ತಾಗಿಸಿದಳು. ಭೂರ್ಯಾ ಕುಂತಿತು.

ಯಾರಾದರೂ ತನ್ನ ಮಾತು ಕೇಳುವ ತನಕ ಕದ ಮುಚ್ಚದಿರಲಿ ಎನ್ನುವುದಷ್ಟೇ ಅವಳ ತಲೆಯಲ್ಲಿತ್ತು. ಕಾವಲಿನವರು ಬಾಲ ತಿರುಚಿದರು, ಹಗ್ಗ ಜಗ್ಗಿದರು, ಒಬ್ಬ ಭರ್ಜಿಯ ಹಿಡಿಯಿಂದ ಹೊಡೆದ. ಪ್ರತಿ ಪೆಟ್ಟಿಗೂ ಅವಳ ಬೆನ್ನು ಸೆಟೆಯುತ್ತಿತ್ತು. ಏಳಿಸುವ ಬಗೆ ಅವಳಿಗೆ ಗೊತ್ತಿತ್ತು, ಅವಳು ಬಾಯಿ ಬಿಡಲಿಲ್ಲ. ಎತ್ತು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ. ಜನ ಕೂಡಿದರು, ನಗತೊಡಗಿದರು. ನಗುವ ಸದ್ದು ಕೇಳಿ ತಿಮ್ಮರಸ ಎದ್ದು ಬಂದ. ಅಧಿಕಾರದವರಿಗೆ ಕಲ್ಲೇಟಿಗಿಂತ ನಗು ಹೆಚ್ಚು ತಾಗುತ್ತದೆ. ದಡ್ಡರೇ, ಹೇರು ಇಳಿಸಿ, ತಾನೇ ಏಳುತ್ತದೆ ಎಂದು ಆಳುಗಳಿಗೆ ಗದರಿದ. ಅವರು ಹಗ್ಗ ಬಿಚ್ಚಿ ಎರಡೂ ಗೋಣಿಗಳನ್ನು ಬಾಗಿಲೊಳಗಿನ ಕಲ್ಲಿನ ಮೇಲೆ ದೊಪ್ಪನೆ ಇಳಿಸಿದರು. ಭೂರ್ಯಾ ಎದ್ದು, ಮೈ ಕೊಡವಿ, ನೀರಿನ ತೊಟ್ಟಿಯ ಕಡೆ ನಡೆಯಿತು. ಗೋಣಿ ಎತ್ತಿಕೊಂಡು ಹೊರಗೆ ನಡಿ ಎಂದು ತಿಮ್ಮರಸ ಜಮ್ಲಿಗೆ ಹೇಳಿದ.

ಆಗ ಸಂತೆಯೊಳಗಿಂದ ಕುಂಬಾರರ ಪಾರವ್ವ ಮುಂದೆ ಬಂದಳು. ಉಪ್ಪು ತುಟ್ಟಿಯಾಗಿ ವರ್ಷವೆಲ್ಲ ಸಪ್ಪೆ ಅಂಬಲಿ ಕುಡಿದವಳು.

"ಅದು ಹೆಂಗ ಒಯ್ಯತಾಳ? ನೆಲ ಮುಟ್ಟೇತಿ," ಎಂದಳು.

"ನಿಂದೇನ ಬೇ ನಡುವ?" ಎಂದ ತಿಮ್ಮರಸ.

"ಹೋದ ಸಂತ್ಯಾಗ ನನ್ನ ಗಡಿಗಿ ನೆಲ ಮುಟ್ಟಿದ್ದಕ್ಕ ಸುಂಕ ಕಿತ್ಕೊಂಡ್ಯಲ್ಲ, ಅದ ಕಟ್ಟಳಿ. ನಮಗೊಂದು, ನಿನಗೊಂದು ಐತೇನ? ಇಳಿಸಿದಾಕಿ ಆಕಿ ಅಲ್ಲ ಮತ್ತ. ನಿನ್ನ ಆಳ ಇಳಿಸ್ಯಾವ, ನೀನ ಹೇಳಿ ಇಳಿಸೀದಿ."

ಸುತ್ತ ನಿಂತವರಲ್ಲಿ ಆ ಕಟ್ಟಳೆಗೆ ಸುಂಕ ತೆರದವರು ಒಬ್ಬರೂ ಇರಲಿಲ್ಲ. ನೆಲ ಮುಟ್ಟೇತಿ, ನೆಲ ಮುಟ್ಟೇತಿ ಎಂದು ಹೆಂಗಸರು ಒಬ್ಬೊಬ್ಬರಾಗಿ ಹೇಳತೊಡಗಿದರು. ಜಮ್ಲಿ ಗೋಣಿಯ ಬಾಯಿ ಬಿಚ್ಚಿ, ಎರಡೂ ಕೈ ತುಂಬ ಉಪ್ಪು ತೆಗೆದು ತಿಮ್ಮರಸನ ಮುಂದೆ ಹಿಡಿದಳು.

"ಸುಂಕ ತಗೋ, ಯಪ್ಪಾ," ಎಂದಳು.

ಕದ ಮುಚ್ಚಿರೋ ಎಂದು ಅವನು ಕಿರುಚಿದ. ಕದ ತಿರುಗುವ ಜಾಗದಲ್ಲಿ ಗೋಣಿಗಳಿದ್ದವು. ಗೋಣಿಗಳ ಸುತ್ತ ಪಾರವ್ವನೂ ಇತರ ಹೆಂಗಸರೂ ಜೋಳದ ಬುಟ್ಟಿ ಇಟ್ಟುಕೊಂಡು ಕೂತುಬಿಟ್ಟಿದ್ದರು. ಹಿಂದಿನಿಂದ ಲಚ್ಮ್ಯಾ ನಾಯಕ ಉಳಿದ ಎತ್ತುಗಳನ್ನು ಹೊಡೆದುಕೊಂಡು ಬಂದ. ಬಿಸಿಲು ಇಳಿಯುವ ತನಕ ಜಮ್ಲಿ ಅಲ್ಲೇ ಕೂತು ಉಪ್ಪು ಅಳೆದಳು, ಜೋಳ ಅಳೆಸಿಕೊಂಡಳು. ಮಳೆ ಬಂದಾಗ ಅವರ ಗೋಣಿಗಳಲ್ಲಿ ಉಪ್ಪಿನ ಹರಳೊಂದೂ ಇರಲಿಲ್ಲ.

ಪಾಳೇಗಾರ ಅವಳನ್ನು ಕರೆಸಿ ಬೆಳ್ಳಿಯ ಕಡಗ ಕೊಟ್ಟ ಎಂದೂ ಕೆಲವರು ಹೇಳುತ್ತಾರೆ. ಎಲ್ಲ ಕಥೆಯಲ್ಲೂ ಒಬ್ಬ ದೊರೆ ಒಳ್ಳೆಯವನಾಗಿರಲೇಬೇಕು ಎನ್ನುವವರ ಸೇರ್ಪಡೆ ಅದು. ತಾಂಡಾದವರು ಕಡಗದ ಸುದ್ದಿ ಎತ್ತುವುದಿಲ್ಲ. ಮುಂದಿನ ಸಂತೆಗಳಲ್ಲೂ ಬಾಗಿಲಲ್ಲಿ ಒಂದು ಎತ್ತು ಕುಂತಿತು, ಊರ ಹೆಂಗಸರೇ ಅದಕ್ಕೆ ಹುಲ್ಲು ತಂದು ಹಾಕಿದರು, ಸಂತೆಯ ದಿನ ಕದ ಮುಚ್ಚುವ ರೂಢಿಯೇ ನಿಂತುಹೋಯಿತು, ಕೊನೆಗೆ ಆ ತೇಗವನ್ನು ಗೆದ್ದಲು ತಿಂದಿತು ಎನ್ನುತ್ತಾರೆ.

ಈಚೆಗೆ ಕೋಟೆಯನ್ನು ಚೆಂದ ಮಾಡುತ್ತೇವೆಂದು ಬಂದವರು ಸಂತೆಯನ್ನು ದೂರದ ಬಯಲಿಗೆ ಅಟ್ಟಿ, ಈ ಬಾಗಿಲಿಗೆ ಕಬ್ಬಿಣದ ಗೇಟು ಕೂರಿಸಲು ಹೊರಟಿದ್ದರು. ಕೆಲಸದವರು ಬರುವಷ್ಟರಲ್ಲಿ ಹೆಂಗಸರು ಓಣಿಯ ತುಂಬ ಗಂಟು ಬಿಚ್ಚಿ ಕೂತಿದ್ದರು. ಮುಂದಿನ ಸಲವೂ ಕೂತಿದ್ದರು, ಅದರ ಮುಂದಿನ ಸಲವೂ. ಗೇಟು ತಂದವರು ಅದನ್ನು ಬಾಗಿಲ ಹೊರಗಿನ ಗೋಡೆಗೆ ಒರಗಿಸಿ ಹೋದರು. ನೋಡಲು ಬರುವವರಿಗೆ ಅದು ಇಂದಿಗೂ ಕಾಣಸಿಗುತ್ತದೆ. ಹೆಂಗಸರು ಅದರ ಸರಳುಗಳಿಗೆ ಕುಪ್ಪಸಗಳನ್ನು ನೇತುಹಾಕಿ ಮಾರುತ್ತಾರೆ. ಭಾನುವಾರ ಬೆಳಗಿನ ಬಿಸಿಲು ಕುಪ್ಪಸಗಳ ಕನ್ನಡಿಗಳ ಮೇಲೆ ಬಿದ್ದಾಗ, ರಸ್ತೆಯ ತಿರುವಿನಿಂದಲೇ ಮೊದಲು ಕಣ್ಣಿಗೆ ಹೊಡೆಯುವುದು ಆ ಗೇಟು.