ಕಲ್ದೋಣಿಯ ಚಿಲಕ

ಮಲಪ್ರಭೆಯ ದಂಡೆಯಿಂದ ಒಂದು ಹರದಾರಿ ಆಚೆಗೆ, ಎರೆಹೊಲಗಳ ನಡುವೆ ಕಲ್ದೋಣಿ ಮಠವಿದೆ. ಮಠವೆಂದರೆ ಗೋಪುರವಿಲ್ಲ, ಮಹಾದ್ವಾರವಿಲ್ಲ. ಮಣ್ಣಿನ ಮಾಳಿಗೆ, ಒಂದು ದನದ ಕೊಟ್ಟಿಗೆ, ಅಂಗಳದಲ್ಲಿ ಬೇವಿನ ಮರ, ಮರದ ಬುಡದಲ್ಲಿ ಹಿಂದೊಮ್ಮೆ ದನಗಳಿಗೆ ನೀರು ಕುಡಿಸುತ್ತಿದ್ದ ಕಲ್ಲಿನ ದೋಣಿ, ಇಷ್ಟೇ. ಪೂಜ್ಯ ಶ್ರೀ ಮರುಳಯ್ಯಜ್ಜನವರು ಅಲ್ಲಿ ನೆಲೆಸಿದ ಮೇಲೆ ಆ ದೋಣಿಗೆ ಬೇರೆಯೇ ಕೆಲಸ ಬಂತು. ಚಟ ಬಿಡಬೇಕೆಂದವರು ತಮ್ಮ ತಂಬಾಕಿನ ಚೀಲ, ನಶ್ಯದ ಡಬ್ಬಿ, ಚಿಲುಮೆ, ಇಸ್ಪೀಟಿನ ಎಲೆಗಳನ್ನು ತಂದು ಅದರಲ್ಲಿ ಹಾಕಿ, ಅಜ್ಜನವರ ಪಾದದಾಣೆ ಎಂದು ನಮಸ್ಕರಿಸಿ ಹೋಗುವುದು ರೂಢಿಯಾಯಿತು. ದೋಣಿಗೆ ಬಿದ್ದದ್ದನ್ನು ಯಾರೂ ಮರಳಿ ಎತ್ತಬಾರದೆಂಬ ಮಾತೂ ಹೇಗೋ ಹುಟ್ಟಿಕೊಂಡಿತು. ಅದನ್ನು ಅಜ್ಜನವರು ಹೇಳಿದ್ದಲ್ಲ. ಅವರು ಹೆಚ್ಚಾಗಿ ಕೊಟ್ಟಿಗೆಯಲ್ಲೇ ಇರುತ್ತಿದ್ದರು. ದರ್ಶನಕ್ಕೆ ಬಂದವರು ಸಗಣಿ ಬಾಚುತ್ತಿದ್ದ ಮುದುಕರನ್ನೇ ನಿಲ್ಲಿಸಿ, ಅಜ್ಜಾರು ಎಲ್ಲಿದ್ದಾರೆಂದು ಕೇಳಿದ್ದೂ ಉಂಟು.

ಹತ್ತಿರದ ನೇಕಾರರ ಊರಿನ ನೀಲಗಂಗವ್ವ ಮಠದ ಹಳೆಯ ಭಕ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಗ್ಗ ನಡೆಸಿ, ತಾಯಿಯಿಲ್ಲದ ತಮ್ಮ ಮಹಾರುದ್ರನನ್ನು ಸಾಕಿದವಳು. ಆಕೆಯದು ಕಡ್ಡಿ ಮುರಿದಂಥ ಮಾತು. ಜಪ ತಪ್ಪಿಸಿದವಳಲ್ಲ, ಯಾರೆದುರೂ ತಲೆ ತಗ್ಗಿಸಿದವಳಲ್ಲ. ಅಂಥವಳ ತಮ್ಮ ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಿದ್ದಾಗ ತೊಡೆಯ ಮೇಲೆ ಕಲ್ಲು ಉರುಳಿ ಎಲುಬು ಮುರಿಯಿತು. ಎಲುಬು ಕೂಡಿತು, ಆದರೆ ನೋವಿಗೆಂದು ಕೊಟ್ಟ ಗುಳಿಗೆ ಅವನನ್ನು ಬಿಡಲಿಲ್ಲ. ನೋವು ಹೋದ ಮೇಲೂ ಅವನು ಗುಳಿಗೆ ಹುಡುಕಿಕೊಂಡು ಊರೂರು ಅಲೆದ, ಮನೆಯ ತಾಮ್ರದ ಹಂಡೆಯನ್ನೂ ಮಾರಿದ. ಆಗ ನೀಲಗಂಗವ್ವ ಅವನನ್ನು ಒಳಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಜಡಿದಳು. ನಾಲ್ಕು ದಿನ ಬಿಗಿಹಿಡಿದರೆ ಚಟ ತಾನೇ ಸಾಯುತ್ತದೆಂಬುದು ಅವಳ ಲೆಕ್ಕ. ಚಟ ಸಾಯಲಿಲ್ಲ. ಹುಡುಗನೇ ಸಾಯುವ ಹಾಗಾದಾಗ ನೆರೆಯವರು ಬಾಗಿಲು ತೆಗೆಸಿ ಅವನನ್ನು ಜಿಲ್ಲಾ ಊರಿನ ಆಸ್ಪತ್ರೆಗೆ ಹೊತ್ತರು. ಅಲ್ಲಿಯ ಡಾಕ್ಟರು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಬೇರೊಂದು ಔಷಧ ಕೊಟ್ಟರು. ಅದನ್ನು ಹಿಡಿದುಕೊಂಡು ಅವನು ಮತ್ತೆ ಮನುಷ್ಯನಾದ, ಅಕ್ಕನ ಮಗ್ಗದಲ್ಲಿ ಕೂತು ಸೀರೆ ನೇಯ್ದ. ಡಾಕ್ಟರು ಔಷಧವನ್ನು ಇಷ್ಟಿಷ್ಟೇ ಇಳಿಸುತ್ತ ಬಂದು ಅರ್ಧ ಗುಳಿಗೆಗೆ ತಂದಿದ್ದರು.

ಅಷ್ಟರಲ್ಲಿ ಒಂದು ಒಳ್ಳೆಯ ಮನೆತನದಿಂದ ಹೆಣ್ಣು ಕೊಡುವ ಮಾತು ಬಂತು. ನೀಲಗಂಗವ್ವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಂದು ನಶೆ ಬಿಡಿಸಲು ಇನ್ನೊಂದು ನಶೆ ಎಂದು ಆ ಔಷಧವನ್ನು ಅವಳು ಮೊದಲಿನಿಂದಲೂ ಹೀಗಳೆಯುತ್ತಿದ್ದಳು.

"ಡಾಕ್ಟರು ಅವಸರ ಮಾಡಬ್ಯಾಡ ಅಂದಾರಕ್ಕಾ," ಎಂದ ಮಹಾರುದ್ರ.

"ಅವರೇನು, ಹೇಳ್ತಾರ. ಊರಾಗ ತಲಿ ಎತ್ತಿ ಅಡ್ಡ್ಯಾಡಾಕಿ ನಾನು. ಅರ್ಧಾ ಬಿಟ್ಟಾವಗ ಇನ್ನರ್ಧಾ ಏನು ದೊಡ್ಡದು?"

ಸಾಕಿದ ಅಕ್ಕನ ಮಾತು ಮೀರುವ ಹುಡುಗ ಅವನಲ್ಲ. ಇಬ್ಬರೂ ಮಠಕ್ಕೆ ಬಂದರು. ಅಜ್ಜನವರು ಹೊಲಕ್ಕೆ ಹೋಗಿದ್ದರು. ಅವರ ದಾರಿಯನ್ನೂ ಕಾಯದೆ ಅಕ್ಕ ತಮ್ಮನ ಕೈಯಿಂದ ಗುಳಿಗೆಗಳಿದ್ದ ತಗಡಿನ ಚೀಟನ್ನು ದೋಣಿಗೆ ಹಾಕಿಸಿ ಆಣೆ ಮಾಡಿಸಿದಳು.

ಇಬ್ಬರೂ ಮಠದಲ್ಲೇ ಉಳಿದರು. ಮರುದಿನ ಏನೂ ಆಗಲಿಲ್ಲ. ನೀಲಗಂಗವ್ವ ಗೆದ್ದವಳ ಹಾಗೆ ದಾಸೋಹದಲ್ಲಿ ರೊಟ್ಟಿ ಬಡಿದಳು. ಅದರ ಮರುದಿನ ಅವನಿಗೆ ಆಕಳಿಕೆ ಶುರುವಾಯಿತು. ಕಣ್ಣು ಮೂಗಿನಲ್ಲಿ ನೀರು ಸುರಿಯಿತು, ಸುಡುವ ಬಿಸಿಲಲ್ಲಿ ಮೈಮೇಲೆ ಮುಳ್ಳು ಎದ್ದವು, ಹೊಟ್ಟೆ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯ ಚಾಪೆಯ ಮೇಲೆ ಬಿದ್ದು, ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನೆಲಕ್ಕೆ ಬಡಿಯತೊಡಗಿದ. ಬಂದ ಭಕ್ತರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ನೀಲಗಂಗವ್ವನಿಗೆ ತಮ್ಮನ ಸಂಕಟಕ್ಕಿಂತ ಆ ಕಣ್ಣುಗಳೇ ಹೆಚ್ಚು ಚುಚ್ಚಿದವು. ಇದನ್ನು ಆಕೆ ಮುಂದೆ ತಾನೇ ಹೇಳಿಕೊಂಡು ಅಳುತ್ತಿದ್ದಳು. ಆಗ ಮಾತ್ರ ಮಠದ ಹಿರಿಯ ಸೇವಕ ಈರಯ್ಯನ ಹತ್ತಿರ ಹೋಗಿ, ಗುಳಿಗೆಯನ್ನು ದೋಣಿಗೆ ಹಾಕಿಸಿದ್ದನ್ನು ಹೇಳಿ, ಚಿಲಕ ಇರುವ ಒಂದು ಖೋಲಿ ಕೊಡಿರೆಂದು ಕೇಳಿದಳು.

"ಈ ಮಠದಾಗ ಯಾವ ಖೋಲಿಗೂ ಹೊರಗ ಚಿಲಕ ಇಲ್ಲವ್ವಾ," ಎಂದ ಈರಯ್ಯ.

ಇಬ್ಬರ ಮಾತೂ ಕೊಟ್ಟಿಗೆಯಲ್ಲಿದ್ದ ಅಜ್ಜನವರ ಕಿವಿಗೆ ಬಿತ್ತು. ಅವರು ಕೈ ತೊಳೆದುಕೊಂಡು ಪಡಸಾಲೆಗೆ ಬಂದರು. ಹುಡುಗನನ್ನು ನೋಡಿದರು, ಅಕ್ಕನನ್ನು ನೋಡಿದರು.

"ಮೊದಲ ಹಾಕಿದ್ದ್ಯಾ ಯವ್ವಾ, ಚಿಲಕ?"

"ಹಾಕಿದ್ದೆರಿ, ಅಜ್ಜಾರ."

"ಒಳಗಿಂದ ಏನಂತಿದ್ದ?"

ಏನಂತಿದ್ದನೆಂದು ನೀಲಗಂಗವ್ವನಿಗೆ ಚೆನ್ನಾಗಿ ಗೊತ್ತಿತ್ತು. ನೀರು, ಅಕ್ಕಾ, ನೀರು ಅಂತಿದ್ದ. ಬಾಗಿಲು ತೆಗೆಸಲು ಹೂಡಿದ ಆಟವೆಂದುಕೊಂಡು ಅವಳು ದೇವರ ಮುಂದೆ ಕೂತು, ಅವನ ದನಿ ಮುಚ್ಚುವಷ್ಟು ಗಟ್ಟಿಯಾಗಿ ನಮಃ ಶಿವಾಯ ಎಂದಿದ್ದಳು. ಆಟ ಅಲ್ಲವೆಂದು ಅವನ ದನಿ ಸೋತಾಗ ತಿಳಿದಿತ್ತು. ಆಗಲೂ ಎದ್ದಿರಲಿಲ್ಲ.

"ಕೇಳಿಸಲಿಲ್ರಿ," ಎಂದಳು. "ನಾ ಜಪಕ್ಕ ಕುಂತಿದ್ದೆ."

ಅಜ್ಜನವರು ಹರವಿಯಿಂದ ತಾವೇ ನೀರು ತಂದು, ಅದರಲ್ಲಿ ಉಪ್ಪು ಬೆಲ್ಲ ಕದಡಿ, ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದರು. ಆಮೇಲೆ ಚಾಪೆಯ ಆ ತುದಿಗೆ ಹೋಗಿ ಕೂತು, ನೆಲಕ್ಕೆ ಬಡಿದುಕೊಳ್ಳುತ್ತಿದ್ದ ಅವನ ಕಾಲುಗಳನ್ನು ಮಡಿಲಿಗೆ ಎಳೆದುಕೊಂಡು ಒತ್ತತೊಡಗಿದರು. ಊರಿಗೆ ಊರೇ ಮುಟ್ಟಿ ನಮಸ್ಕರಿಸುವ ಮಹಾತ್ಮರು ಹೊಲಸಾದ ಕಾಲುಗಳನ್ನು ಹಿಡಿದು ಕೂತದ್ದನ್ನು ಕಂಡು ನಿಂತವರೆಲ್ಲ ಹೌಹಾರಿದರು. ನೀಲಗಂಗವ್ವ ಓಡಿಬಂದು ಅವರ ಪಾದದ ಮೇಲೆ ಬಿದ್ದಳು.

"ಬ್ಯಾಡ್ರಿ ಅಜ್ಜಾರ, ಈ ಪಾಪ ನಮಗ ಸುತ್ತಕೊಳ್ತದ."

"ನನ್ನ ಪಾದ ಬಿಡು, ಯವ್ವಾ," ಎಂದರು ಅಜ್ಜನವರು. "ಹಿಡಿಯೂ ಕಾಲು ಇಲ್ಲಿ ಅದಾವ."

ಹಿರಿಯಳಾದ ಅಕ್ಕ ತಮ್ಮನ ಕಾಲು ಮುಟ್ಟುವುದು ನಮ್ಮಲ್ಲಿಲ್ಲ. ಅವಳ ಕೈ ಮುಂದೆ ಬಂತು, ಹಿಂದೆ ಹೋಯಿತು. ಕೊನೆಗೆ ಅಜ್ಜನವರು ತಮ್ಮ ಮಡಿಲಿನಿಂದ ಆ ಕಾಲುಗಳನ್ನು ಎತ್ತಿ ಅವಳ ಮಡಿಲಿಗಿಟ್ಟು ಎದ್ದರು. ಗಾಯದ ಗುರುತಿದ್ದ ಆ ತೊಡೆ ಎಷ್ಟು ತೆಳ್ಳಗಾಗಿದೆಯೆಂಬುದು ಅವಳಿಗೆ ಆಗಲೇ ತಿಳಿದದ್ದು. ಎಲುಬು ಮುರಿದು ವರ್ಷಗಳೇ ಕಳೆದಿದ್ದವು.

ಅಜ್ಜನವರು ನೇರವಾಗಿ ದೋಣಿಯ ಹತ್ತಿರ ನಡೆದರು. ಈರಯ್ಯ ಅಡ್ಡ ಬಂದ. ದೋಣಿಗೆ ಬಿದ್ದದ್ದನ್ನು ತೆಗೆದ ಪದ್ಧತಿಯಿಲ್ಲ, ಆಣೆ ಮುರಿದ ಹಾಗಾಗುತ್ತದೆ ಎಂದ.

"ಆಣಿ ನನ್ನ ಪಾದದ ಮ್ಯಾಲೆ ಇಟ್ಟಾರಲ್ಲಾ, ಅದು ನನಗಿರ್ಲಿ," ಎಂದರು ಅಜ್ಜನವರು. "ಮಾಳಗಿ ತೊಲಿಗೆ ಹುಳ ಬಿದ್ರ ಆಸರಕ್ಕ ಕಂಬಾ ಕೊಟ್ಟು ಹೊಸಾ ತೊಲಿ ಕುಂದರಸ್ತಾರ. ತೊಲಿ ಕುಂದ್ರೂಕ ಮೊದಲ ಕಂಬಾ ಕಿತ್ರ ಮನಿ ಉಳಿತದೇನು, ಈರಯ್ಯಾ?"

ಹೀಗೆಂದು ತಂಬಾಕಿನ ಚೀಲಗಳ ನಡುವೆ ಕೈಹಾಕಿ ಗುಳಿಗೆಯ ಚೀಟನ್ನು ಎತ್ತಿ, ಧೋತರದ ಸೆರಗಿನಿಂದ ಒರೆಸಿದರು. ತಾವಾಗಿ ಕೊಡಲಿಲ್ಲ. ಈರಯ್ಯನಿಂದ ಡಾಕ್ಟರಿಗೆ ಫೋನ್ ಹಚ್ಚಿಸಿ, ಅವರಿಂದ ನಾಲ್ಕು ಬೈಗುಳ ತಿಂದು, ಅವರು ಕೊಡಿ ಎಂದ ಮೇಲೆ ಕೊಟ್ಟರು. ಹೊತ್ತು ಇಳಿಯುವಷ್ಟರಲ್ಲಿ ಮಹಾರುದ್ರನ ಕಾಲುಗಳ ಬಡಿತ ನಿಂತಿತು. ಅವನು ಅಕ್ಕನ ಮಡಿಲಲ್ಲೇ ಕಾಲಿಟ್ಟು ನಿದ್ದೆ ಹೋದ. ಅವಳು ಅಲುಗಾಡದೆ ಕೂತಿದ್ದಳು. ಜಪದ ಹೊತ್ತು ಮೀರಿಹೋಯಿತು.

ಹೆಣ್ಣಿನ ಕಡೆಯವರಿಗೆ ನೀಲಗಂಗವ್ವ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಮತ್ತೆ ಬರಲಿಲ್ಲ. ಔಷಧ ಇಳಿಯುತ್ತ ಇಳಿಯುತ್ತ ಗುಳಿಗೆಯ ಚೂರಿಗೆ ಬಂತು, ಚೂರು ದಿನ ಬಿಟ್ಟು ದಿನಕ್ಕೆ ಬಂತು. ಪ್ರತಿ ಸಲ ಇಳಿಸಿದಾಗಲೂ ಅವನಿಗೆ ಕೆಲವು ದಿನ ನಿದ್ದೆಯಿಲ್ಲ, ಕಾಲಿಗೆ ನೆಲೆಯಿಲ್ಲ, ಕಾರಣವಿಲ್ಲದೆ ಅಳು. ಪ್ರತಿ ಸಲವೂ ಅಕ್ಕ ಬಿಸಿನೀರು ಕಾಯಿಸಿದಳು, ಗಂಜಿ ಕುಡಿಸಿದಳು, ಕಾಲು ಒತ್ತಿದಳು. ತಾಳಲಾರದಷ್ಟಾದಾಗ ಡಾಕ್ಟರನ್ನು ಕೇಳಿ ಒಂದು ಮೆಟ್ಟಿಲು ಹಿಂದಕ್ಕೂ ಹೋದರು. ಅದನ್ನು ಸೋಲೆಂದು ಅವಳು ಅನ್ನಲಿಲ್ಲ.

ಔಷಧ ಪೂರ್ತಿ ನಿಂತು, ಮೈ ಅದನ್ನು ಮರೆತು, ಮಹಾರುದ್ರ ಖಾಲಿ ಚೀಟು ಹಿಡಿದು ಅಕ್ಕನೊಂದಿಗೆ ಮಠಕ್ಕೆ ಬಂದಾಗ ಅಜ್ಜನವರು ಲಿಂಗೈಕ್ಯರಾಗಿದ್ದರು. ಅವರಿಗೆ ಗುಣವಾದ ಹುಡುಗನ ಮುಖ ತೋರಿಸಲಾಗಲಿಲ್ಲವೆಂಬ ದುಃಖ ನೀಲಗಂಗವ್ವನಿಗೆ ಕೊನೆಯ ತನಕ ಇತ್ತು. ಅದಕ್ಕಿಂತ ದೊಡ್ಡದೊಂದು ಭಾರವೂ ಇತ್ತು. ಕೇಳಿಸಲಿಲ್ಲ ಎಂದದ್ದನ್ನು ತಿದ್ದಿ ಹೇಳಲು ಅವರಿರುವಾಗ ಎಷ್ಟು ಸಲ ಬಂದಿದ್ದಳೋ, ಅಷ್ಟು ಸಲವೂ ಬರಿಯ ನಮಸ್ಕಾರ ಮಾಡಿ ತಿರುಗಿ ಹೋಗಿದ್ದಳು.

ಮಹಾರುದ್ರ ಖಾಲಿ ಚೀಟನ್ನು ದೋಣಿಗೆ ಹಾಕಿದ. ಅವಳು ಸೆರಗಿನ ಗಂಟು ಬಿಚ್ಚಿ, ಒಳಕೋಣೆಯ ಬಾಗಿಲಿನಿಂದ ಕಿತ್ತು ತಂದ ಕಬ್ಬಿಣದ ಚಿಲಕವನ್ನು ಅದರ ಪಕ್ಕದಲ್ಲಿಟ್ಟಳು.

"ಅವತ್ತು ನೀ ನೀರು ಬೇಡಿದ್ದಿ, ತಮ್ಮಾ," ಎಂದಳು. "ಅಜ್ಜಾರ ಮುಂದ ಸುಳ್ಳು ಹೇಳಿದೆ. ನನಗ ಕೇಳಿಸಿತ್ತು."

ಮಹಾರುದ್ರ ಬಗ್ಗಿ ದೋಣಿಯಲ್ಲಿದ್ದ ಚಿಲಕವನ್ನು ಬೆರಳಿನಿಂದ ಮುಟ್ಟಿದ.

"ಗೊತ್ತೈತಿ, ಅಕ್ಕಾ," ಎಂದ. "ನಿನ್ನ ಜಪಾ ಜೋರಾದದ್ದು ನನಗೂ ಕೇಳಿಸಿತ್ತು."

ಅವಳು ಬೇವಿನ ಬುಡದಲ್ಲಿ ಕುಸಿದು ಕೂತಳು. ಅವನು ಒಳಗೆ ಹೋಗಿ ಹರವಿಯಿಂದ ಒಂದು ತಂಬಿಗೆ ನೀರು ತಂದು ಅವಳ ಕೈಗೆ ಕೊಟ್ಟ, ಅವಳು ಕುಡಿದು ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದ. ಆ ಚಿಲಕ ಈಗಲೂ ದೋಣಿಯಲ್ಲಿದೆ, ಅದನ್ನು ಯಾರೂ ಎತ್ತಿಲ್ಲ.