ಬಟ್ಟಲಿಲ್ಲದ ನೊರೆ

ಹೊಳೆ ಇತ್ತು. ಹೊಳೆದಂಡೆಯಲ್ಲಿ ಅರಳಿಮರ ಇತ್ತು. ಮರದ ಕೆಳಗಿನ ಕಲ್ಲುಹಾಸಿನ ಮೇಲೆ, ಕ್ಷೌರದ ಪೆಟ್ಟಿಗೆ ಇಟ್ಟುಕೊಂಡು ನನ್ನ ಗುರುಗಳಾದ ಸಂಜೀವಯ್ಯನವರು ಕೂರುತ್ತಿದ್ದರು. ಇವು ಮೂರೂ ನಿಜ. ಉಳಿದದ್ದನ್ನು ಹೇಳುತ್ತಿರುವವನು ನಾನು, ಆದ್ದರಿಂದ ಅದು ಇನ್ನೂ ಹೆಚ್ಚು ನಿಜ.

ಗುರುಗಳ ಕೈ ಬಹಳ ಹಗುರ. ಒಮ್ಮೆ ಪಟೇಲರು ಗಡ್ಡ ಮಾಡಿಸಿಕೊಳ್ಳಲು ಕೂತು ಕಣ್ಣು ಮುಚ್ಚಿದರು. ಕೆಲಸ ಮುಗಿಯಿತು. ಮುಖ ಒರೆಸಿದ್ದೂ ಆಯಿತು. ಆಮೇಲೆ ಎಷ್ಟೋ ಹೊತ್ತಿಗೆ ಪಟೇಲರು ಕಣ್ಣುಬಿಟ್ಟು, "ಸಂಜೀವಯ್ಯ, ಯಾವಾಗಯ್ಯ ಶುರು ಮಾಡ್ತೀಯ?" ಎಂದು ರೇಗಿದರು.

ಅಂಥವರ ಶಿಷ್ಯ ನಾನು, ತಿಮ್ಮರಾಯ.

ಆರು ವರ್ಷ ಕಲಿತೆ. ಏಳು ಹಳ್ಳಿಯ ಕೆನ್ನೆಗಳು ನನ್ನ ಕತ್ತಿಯ ಕೆಳಗೆ ಹಾದುಹೋದವು. ಸಿಗದೆ ಉಳಿದದ್ದು ಒಂದೇ ಕೆನ್ನೆ, ಗುರುಗಳದ್ದು. ಮರದ ಮೊಳೆಗೆ ಅಂಗೈಯಗಲದ ಕನ್ನಡಿ ನೇತುಹಾಕಿ, ದಿನಾ ಬೆಳಗ್ಗೆ ತಮ್ಮ ಗಡ್ಡ ತಾವೇ ಮಾಡಿಕೊಳ್ಳುತ್ತಿದ್ದರು.

"ನನ್ನ ಕೈಗೆ ಯಾವಾಗ ಕೊಡ್ತೀರಿ ಗುರುಗಳೇ?"

"ಕೊಟ್ಟ ದಿನ ನಿನ್ನ ಕಲಿಕೆ ಮುಗೀತು ಅಂತ ತಿಳ್ಕೊ."

"ಅದು ಯಾವ ದಿನ?"

"ಅವಸರವಾದ್ರೆ ಹೊಳೆಗೆ ಗಡ್ಡ ಮಾಡು ಹೋಗು."

ಹೀಗಿರುವಾಗ ಒಂದು ದಿನ ಗುರುಗಳ ದವಡೆಯ ಮೇಲೆ ಕಾಗದದ ಚೂರೊಂದು ಅಂಟಿತ್ತು. ನಡುವೆ ಕೆಂಪು ಚುಕ್ಕೆ. ಮರುದಿನ ಎರಡು ಚೂರು.

"ಏನಾಯ್ತು ಗುರುಗಳೇ?"

"ಅರಳಿ ಎಲೆ ತಾಗ್ತು."

ಸುಳ್ಳು ಹೇಳುವುದರಲ್ಲಿ ನಾನು ಏಳು ಹಳ್ಳಿಗೂ ಹೆಸರಾದವನು. ಇಷ್ಟು ಬಡಪಾಯಿ ಸುಳ್ಳನ್ನು ಅವತ್ತಿನವರೆಗೂ ಕೇಳಿರಲಿಲ್ಲ.

ಆಮೇಲೆ ಕಣ್ಣಿಗೆ ಬಿತ್ತು. ಗುರುಗಳ ಬಲಗೈ ನಡುಗುತ್ತಿತ್ತು. ಬಂದವರನ್ನೆಲ್ಲ "ತಿಮ್ರಾಯ, ನೀನು ನೋಡ್ಕೊ" ಎಂದು ನನಗೆ ಬಿಟ್ಟು, ಕೈಯನ್ನು ಟವೆಲ್ಲಿನ ಅಡಿಯಲ್ಲಿ ಬಚ್ಚಿಟ್ಟುಕೊಂಡು ಕೂರತೊಡಗಿದರು. ಮೊಳೆಯಿಂದ ಕನ್ನಡಿ ಇಳಿಯಿತು. ಮುಖದಲ್ಲಿ ಬಿಳಿ ಗಡ್ಡ ಮೂಡಿತು.

ಆರನೆಯ ದಿನ ಗುರುಗಳ ಹೆಂಡತಿ ಬುತ್ತಿ ತಂದರು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಬುತ್ತಿ ಇಟ್ಟು ನನ್ನನ್ನು ಪಕ್ಕಕ್ಕೆ ಕರೆದರು.

"ಊರ ಕೆನ್ನೆಯೆಲ್ಲ ನುಣ್ಣಗೆ, ನನ್ನ ಮನೇಲಿ ಮಾತ್ರ ಕೂಳೆ ಹೊಲ. ಏನೋ ನೋಡ್ತಾ ಕೂತಿದ್ದೀಯ?"

"ಅವರು ಮುಟ್ಟೋಕೆ ಬಿಡಲ್ವಲ್ಲಮ್ಮ."

"ಕನ್ನಡಿಗೆ ಬಟ್ಟೆ ಸುತ್ತಿ ಟ್ರಂಕಿಗೆ ಹಾಕಿದಾರೆ ಕಣೋ. ಸೋಮವಾರದಿಂದ ಮರದ ಹತ್ರಾನೂ ಹೋಗಲ್ಲ ಅಂತಾರೆ. ಗಡ್ಡ ಬಿಟ್ಟವನ ಹತ್ರ ಗಡ್ಡ ಮಾಡಿಸ್ಕೊಳ್ಳೋಕೆ ಯಾರು ಬರ್ತಾರೆ ಅಂತಾರೆ."

ಅಷ್ಟು ಹೇಳಿ ಅಮ್ಮ ಹೊಳೆಯ ಕಡೆ ತಿರುಗಿ ನಿಂತರು. ನಾನೂ ತಿರುಗಿ ನಿಂತೆ. ಹೊಳೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಗುರುಗಳ ಮುಂದೆ ಹೋಗಿ ಕೈಕಟ್ಟಿದೆ.

"ನಾನು ಮಾಡ್ತೀನಿ ಗುರುಗಳೇ."

ಅವರು ಬಟ್ಟಲಿನ ಕಡೆ ಗಲ್ಲ ತೋರಿಸಿದರು.

"ಮೊದಲು ನೊರೆ ತೋರಿಸು."

ನೊರೆ! ಕೇಳಿದ್ದು ಯಾರನ್ನ?

ಆ ಹೊಳೆಯ ನೀರು ಗಡಸು. ದುಂಡು ಸೋಪಿನ ಮೇಲೆ ಕತ್ತಿ ಚೆನ್ನಾಗಿ ಜಾರುತ್ತದೆ, ಆದರೆ ನೊರೆ ಏಳುವುದಕ್ಕೆ ಸೋಮಾರಿತನ. ಟ್ಯೂಬಿನ ಕ್ರೀಮು ಕರೆದ ಕೂಡಲೇ ಏಳುತ್ತದೆ, ಎರಡನೆಯ ಕೆನ್ನೆಗೆ ಬರುವಷ್ಟರಲ್ಲಿ ಮಾಯ. ಎರಡನ್ನೂ ಕೂಡಿಸಿದರೆ? ಈ ಯೋಚನೆ ಭೂಮಿಯ ಮೇಲೆ ಮೊದಲು ಬಂದದ್ದು ನನಗೇ. ತನಗೇ ಮೊದಲು ಬಂತೆಂದು ಬೇರೆ ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸಿ.

ಹಿತ್ತಾಳೆ ಬಟ್ಟಲಲ್ಲಿ ಸೋಪಿನ ಮೇಲೆ ಬ್ರಷ್ಷನ್ನು ಐವತ್ತು ಸುತ್ತು ತಿರುಗಿಸಿದೆ. ಹುಣಸೆಬೀಜದಷ್ಟು ಕ್ರೀಮು ಹಿಂಡಿದೆ. ಧಾರಾಳವಾಗಿ ನೀರು ಸುರಿದೆ. ಕಲಸಿದೆ ನೋಡಿ!

ನೊರೆ ಬಟ್ಟಲು ದಾಟಿತು, ಮೊಣಕೈ ದಾಟಿತು. ಒಂದು ಬೆಳ್ಳಕ್ಕಿ ಬಂದು, ಯಾರೋ ನೆಂಟರೆಂದು ತಿಳಿದು ಪಕ್ಕದಲ್ಲೇ ಕೂತಿತು. ಹೊಳೆಗೆ ಬಿದ್ದ ಒಂದು ತುಣುಕು ಒಗೆಯುವ ಕಲ್ಲಿನವರೆಗೂ ತೇಲಿಹೋಗಿ, ಮೂರು ಸೀರೆ ಒಂದು ಕಂಬಳಿ ತಾನೇ ಒಗೆದು ಮುಗಿಸಿತು. ನಾನು ನೊರೆಯ ನೆತ್ತಿಗೆ ಬಾಚಣಿಗೆ ನೆಟ್ಟೆ. ನೆಟ್ಟಗೆ ನಿಂತಿತು.

"ಹೇಗಿದೆ ಗುರುಗಳೇ?"

"ಭಾರಿ ಚೆನ್ನಾಗಿದೆ. ಕೆಳಗಿಡು, ಊಟ ಮಾಡಿ ಬರ್ತೀನಿ."

ಗುರುಗಳು ನಿಧಾನವಾಗಿ ಉಂಡರು. ಅವರು ಕೈತೊಳೆಯುವಷ್ಟರಲ್ಲಿ ನೊರೆ ಬಟ್ಟಲಿನ ತಳ ಸೇರಿತ್ತು. ಬಾಚಣಿಗೆ ಅಡ್ಡ ಬಿದ್ದಿತ್ತು. ಬೆಳ್ಳಕ್ಕಿ ಮುಖ ತಿರುಗಿಸಿಕೊಂಡು ಹೋಗಿಯಾಗಿತ್ತು.

"ಒಳಗೆ ಏನಿತ್ತೋ?"

"ಗಾಳಿ, ಗುರುಗಳೇ."

"ಹೊಳೆದಂಡೇಲಿ ಗಾಳಿಗೆ ಬರವೇನೋ?"

ಮರುದಿನ ಸೋಪು ಹೆಚ್ಚಿಸಿದೆ, ನೀರು ಇಳಿಸಿದೆ. ಹಿಂದಿನ ದಿನದ್ದು ಮೋಡವಾದರೆ ಇದು ಮುದ್ದೆ. ಸಾರಿದ್ದರೆ ಉಣ್ಣಬಹುದಿತ್ತು.

ಗುರುಗಳು ಅದನ್ನು ನನ್ನ ಮುಖಕ್ಕೇ ಬಳಿದುಕೊಳ್ಳಲು ಹೇಳಿ ಬಿಸಿಲಿಗೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಕೆನ್ನೆಯ ಮೇಲೆ ಸುಣ್ಣ ಹೊಡೆದ ಗೋಡೆ.

"ನಗು."

ನಕ್ಕೆ. ಗೋಡೆ ಬಿರಿಯಿತು.

"ಈಗ ಏನು ಬೇಕು?"

"ನೀರು."

"ಬಾಯಿಗೋ, ಕೆನ್ನೆಗೋ?"

"ಎರಡಕ್ಕೂ, ಗುರುಗಳೇ."

ಅವರಿಗೆ ನಗು ಬಂತು. ಆ ನಗುವಿನಲ್ಲಿ ಬಿಳಿ ಗಡ್ಡ ಅಲುಗಿತು. ನನಗೆ ನಗು ಬರಲಿಲ್ಲ. ಅವತ್ತು ಭಾನುವಾರ.

"ಸೋಲೊಪ್ಪಿದೆ ಗುರುಗಳೇ. ಸೋಪು ಎಷ್ಟು, ಕ್ರೀಮು ಎಷ್ಟು, ನೀರು ಎಷ್ಟು? ಅಳತೆ ಹೇಳಿಬಿಡಿ."

"ಯಾರಿಗೆ?"

"ನೊರೆಗೆ."

"ನೊರೆಗೆ ಎಲ್ಲಿದೆಯೋ ಗಡ್ಡ?"

ಹಾಗೆಂದು ಗುರುಗಳು ಬಟ್ಟಲು ಎತ್ತಿಕೊಂಡರು. ಅದು ಅವರ ಕೈಯಲ್ಲಿ ಗಡಗಡ ಅಂದಿತು. ಮುದ್ದೆಯನ್ನು ಹೊಳೆಗೆ ಬಗ್ಗಿಸಿ, ಸೋಪನ್ನು ತೊಳೆದು ಕಲ್ಲಿನ ಮೇಲಿಟ್ಟು, ಬಟ್ಟಲನ್ನು ಪಕ್ಕದಲ್ಲಿ ಬೋರಲು ಹಾಕಿದರು. ಆಮೇಲೆ ಬಂದು, ಬಂದವರನ್ನು ಕೂರಿಸುವ ಮಣೆಯ ಮೇಲೆ ತಾವು ಕೂತರು.

"ಈಗ ಕಲಸು."

"ಬಟ್ಟಲಿಲ್ಲದೆ ಎಲ್ಲಿ ಕಲಸಲಿ?"

ಗುರುಗಳು ಗಲ್ಲ ಮೇಲೆತ್ತಿ ಕಣ್ಣು ಮುಚ್ಚಿದರು.

ಬಿಸಿನೀರಿನ ಬಟ್ಟೆ ಹಿಂಡಿ ಮುಖಕ್ಕೆ ಒತ್ತಿದೆ. ಬ್ರಷ್ಷನ್ನು ಸೋಪಿಗೆ ಉಜ್ಜಿ ಕೆನ್ನೆಗೆ ತಂದೆ. ಎಡಗೈ ಅವರ ದವಡೆಗೆ ಕೊಟ್ಟೆ. ಆರು ವರ್ಷದಲ್ಲಿ ಅವತ್ತೇ ಮೊದಲು ಆ ಮುಖ ಮುಟ್ಟಿದ್ದು.

ಗಲ್ಲದ ಕೂದಲು ಒರಟು, ಅಲ್ಲಿಗೆ ಸೋಪು ಇನ್ನೂ ಬೇಕಿತ್ತು. ಹಲ್ಲು ಬಿದ್ದ ಕಡೆ ಕೆನ್ನೆ ಒಳಗೆ ಹೋಗಿ ಚರ್ಮ ಒಣಗಿತ್ತು, ಅಲ್ಲಿಗೆ ಒಂದು ಚಿಟಿಕೆ ಕ್ರೀಮು. ದವಡೆಯ ಕೆಳಗೆ ಒಂದು ಸುಳಿ, ಕೂದಲು ಅಡ್ಡಡ್ಡ ಬೆಳೆದಿತ್ತು. ಕಾಗದದ ಚೂರು ಅಂಟಿದ್ದದ್ದು ಅಲ್ಲೇ. ಅಲ್ಲಿಗೆ ಬರೀ ಬ್ರಷ್ಷಿನ ತುದಿ, ತುದಿಯಲ್ಲಿ ಎರಡು ಹನಿ ನೀರು. ಸುತ್ತಿದೆ. ಇನ್ನೆರಡು ಹನಿ. ಮತ್ತೆ ಸುತ್ತಿದೆ.

ಮೋಡ ಏಳಲಿಲ್ಲ. ಬೆಳ್ಳಕ್ಕಿ ಬರಲಿಲ್ಲ. ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆಯಂತೆ, ತೆಳ್ಳಗೆ ಹೊಳೆಯುವ ಒಂದು ಪದರ ಬಂದು ನಿಂತಿತು.

ಅಷ್ಟೂ ಹೊತ್ತು ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಈ ಕಥೆಯಲ್ಲಿ ಯಾರೂ ನಂಬದ ಭಾಗ ಇದೊಂದೇ.

ಕತ್ತಿ ಬಿಚ್ಚಿದೆ. ನನ್ನ ಕೈ ನಡುಗಿತು.

ಗುರುಗಳು ಕಣ್ಣು ತೆರೆಯದೆಯೇ ಕೇಳಿದರು.

"ನನ್ನ ಕೈ ನಡುಗೋದು ವಯಸ್ಸಿಗೆ. ನಿಂದು ಯಾತಕ್ಕೋ?"

"ಭಯಕ್ಕೆ, ಗುರುಗಳೇ."

"ಹಾಗಾದ್ರೆ ಇವತ್ತು ನಿಜವಾಗಿ ಕತ್ತಿ ಹಿಡಿದಿದ್ದೀಯ. ಮಾಡು."

ಮಾಡಿದೆ. ಕೆನ್ನೆ, ಗಲ್ಲ, ಸುಳಿಯ ಸುತ್ತ. ಸುಳಿ ತಿರುಗಿದ ಕಡೆಗೆ ಕತ್ತಿಯೂ ತಿರುಗಿತು. ಟವೆಲ್ಲಿನ ಅಡಿಯಲ್ಲಿ ಅವರ ಕೈ ನಡುಗುತ್ತಲೇ ಇತ್ತು, ಮುಖ ಮಾತ್ರ ನಿದ್ದೆಯ ಮಗುವಿನಂತೆ ನನ್ನ ಕೈಗೆ ಭಾರ ಬಿಟ್ಟಿತ್ತು.

ತಣ್ಣೀರಿನಿಂದ ತೊಳೆದೆ. ಒರೆಸಿದೆ. ಪಟಿಕದ ಕಲ್ಲು ಸವರಿದೆ. ಎಲ್ಲಾದರೂ ಕೊಯ್ದಿದ್ದರೆ ಪಟಿಕ ಉರಿಯುತ್ತದೆ, ಹುಬ್ಬು ಅಲುಗುತ್ತದೆ. ಹುಬ್ಬಿನ ಮೇಲೇ ಕಣ್ಣಿಟ್ಟು ನಿಂತೆ. ಅಲುಗಲಿಲ್ಲ.

ಬುತ್ತಿ ಹಿಡಿದು ಬಂದ ಅಮ್ಮ ಅಷ್ಟು ದೂರದಲ್ಲೇ ನಿಂತುಬಿಟ್ಟರು. ಅವರ ಸೊಂಟದಲ್ಲಿ ಬಟ್ಟೆ ಸುತ್ತಿದ್ದ ಕನ್ನಡಿ ಇತ್ತು. ನಾನು ಸೋಲಬಹುದೆಂದು ಅವರಿಗೆ ಅನಿಸಿಯೇ ಇರಲಿಲ್ಲ ಎಂದು ಕಾಣುತ್ತದೆ.

ಗುರುಗಳು ಕಣ್ಣು ಬಿಡಲಿಲ್ಲ. ನಾನು ಕಾದೆ. ಕಾಯುವುದು ನನ್ನ ಜಾಯಮಾನವಲ್ಲ.

"ಗುರುಗಳೇ, ನೊರೆ ಹೇಗಿತ್ತು?"

ಗುರುಗಳು ಟವೆಲ್ಲಿನಿಂದ ಕೈ ತೆಗೆದು, ನಡುಗುವ ಬೆರಳುಗಳಿಂದ ಕೆನ್ನೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿಕೊಂಡರು. ಸುಳಿಯ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದು ಕಣ್ಣು ತೆರೆದರು.

"ಅಲ್ಲೋ ತಿಮ್ರಾಯ, ಯಾವಾಗ ಶುರು ಮಾಡ್ತೀಯ?"